ಒಂಬತ್ತು ವಾರದ ಜಪಾನಿ: ಪ್ರೊವೊದ ತರಬೇತಿ ಕೇಂದ್ರದಲ್ಲಿ ನಡೆಯುವುದೇನು?

ಪ್ರಶ್ನೆ: ನಾನು ಶಿವಮೊಗ್ಗದ ನಿವೃತ್ತ ಶಿಕ್ಷಕಿ. ಸದ್ಯ ಅಮೆರಿಕದ ಯೂಟಾ ರಾಜ್ಯದ ಲೀಹೈ ಊರಿನಲ್ಲಿ ಮಗಳ ಮನೆಯಲ್ಲಿದ್ದೇನೆ. ಪಕ್ಕದ ಮನೆಯವರು ಮಾರ್ಮನ್ ಪಂಥದವರು. ಚಳಿಗಾಲದಲ್ಲಿ ನಮ್ಮ ಅಂಗಳದ ಹಿಮವನ್ನು ತಾನಾಗಿಯೇ ಬಂದು ಎತ್ತಿ ಹಾಕುತ್ತಿದ್ದ ಅವರ 18 ವರ್ಷದ ಮಗ ಎರಡು ವರ್ಷ ಜಪಾನಿನಲ್ಲಿ ಧರ್ಮಪ್ರಚಾರ ಮಾಡಲು ಹೊರಟಿದ್ದಾನೆ. ಅದಕ್ಕೆ ಮುಂಚೆ ಪ್ರೊವೊ ನಗರದ ತರಬೇತಿ ಕೇಂದ್ರದಲ್ಲಿ ಒಂಬತ್ತು ವಾರಗಳಲ್ಲಿ ಜಪಾನಿ ಕಲಿಸುತ್ತಾರಂತೆ. ಇದು ಸಾಧ್ಯವೇ? ಆ ಮೊದಲ ದಿನಗಳಲ್ಲಿ ಮಕ್ಕಳನ್ನು ಏನು ಮಾಡುತ್ತಾರೆ? ಇಲ್ಲಿಯೇ ಹುಟ್ಟಿದ ನನ್ನ ಮೊಮ್ಮಗಳಿಗೆ ಕನ್ನಡ ಅರ್ಥವಾಗುತ್ತದೆ, ಆದರೆ ಬಾಯಿ ಬಿಡುವುದಿಲ್ಲ. ಅವರ ಕ್ರಮದಿಂದ ನಾವು ಕಲಿಯಬಹುದಾದದ್ದು ಏನಾದರೂ ಇದೆಯೇ? ಕೊನೆಯದಾಗಿ, ಆ ಹುಡುಗನಿಗೆ ಪತ್ರ ಬರೆಯಬಹುದೇ?

ಉತ್ತರ: ಒಂಬತ್ತು ವಾರಗಳಲ್ಲಿ ಜಪಾನಿ ಭಾಷೆ ಯಾರಿಗೂ ಬರುವುದಿಲ್ಲ, ಪ್ರೊವೊದಲ್ಲಿ ಕಲಿಸುವವರೂ ಹಾಗೆಂದು ನಂಬಿಕೊಂಡಿಲ್ಲ. ಅಲ್ಲಿಂದ ಹೊರಬೀಳುವ ಹುಡುಗನ ಬಳಿ ತನ್ನ ಕೆಲಸಕ್ಕೆ ಬೇಕಾದಷ್ಟೇ ಕಿರಿದಾದ ಒಂದು ಜಪಾನಿಯೂ, ಅದನ್ನು ತಪ್ಪುತಪ್ಪಾಗಿಯಾದರೂ ಅಪರಿಚಿತರೆದುರು ಆಡುವ ಧೈರ್ಯವೂ ಇರುತ್ತವೆ. ಉಳಿದದ್ದನ್ನು ಕಲಿಸುವುದು ಜಪಾನಿನ ಬೀದಿಗಳು. ಲೆಕ್ಕ ಹಾಕಿ ನೋಡಿದರೆ ಇದು ಸ್ಪಷ್ಟವಾಗುತ್ತದೆ. ಅಮೆರಿಕದ ವಿದೇಶಾಂಗ ಇಲಾಖೆಯು ತನ್ನ ರಾಜತಾಂತ್ರಿಕರಿಗೆ ಭಾಷೆ ಕಲಿಸಲು ನಡೆಸುವ ಸಂಸ್ಥೆ ಜಪಾನಿಯನ್ನು ಇಂಗ್ಲಿಷ್ ಮನೆಮಾತಿನವರಿಗೆ ಅತಿ ಕಷ್ಟದ ಭಾಷೆಗಳ ಗುಂಪಿನಲ್ಲಿ ಸೇರಿಸಿ, ಕೆಲಸ ನಡೆಸುವ ಮಟ್ಟ ಮುಟ್ಟಲು 88 ವಾರ, ಅಂದರೆ ಸುಮಾರು 2200 ಗಂಟೆಗಳ ತರಗತಿ ಬೇಕೆಂದು ಅಂದಾಜು ಮಾಡಿದೆ. ಪ್ರೊವೊದಲ್ಲಿ ವಾರಕ್ಕೆ ಆರು ದಿನ, ದಿನಕ್ಕೆ ಏಳು ಗಂಟೆ ಭಾಷೆಗೇ ಮೀಸಲೆಂದು ಧಾರಾಳವಾಗಿ ಹಿಡಿದರೂ ಒಂಬತ್ತು ವಾರಕ್ಕೆ 378 ಗಂಟೆಯಾಗುತ್ತದೆ. ಅದು ಬೇಕಾದದ್ದರಲ್ಲಿ ಆರನೆಯ ಒಂದು ಪಾಲು ಮಾತ್ರ. ಹಾಗಿದ್ದೂ ಎರಡು ವರ್ಷ ಕಳೆದು ಮರಳುವ ಹುಡುಗರಲ್ಲಿ ಬಹಳ ಮಂದಿ ಚೆನ್ನಾಗಿಯೇ ಮಾತನಾಡುತ್ತಾರೆ ಎಂಬುದು ಕೂಡ ನಿಜ. ಈ ಎರಡು ಸಂಗತಿಗಳ ನಡುವೆ ಏನಾಗುತ್ತದೆ ಎಂಬುದೇ ನಿಮ್ಮ ಪ್ರಶ್ನೆಯ ತಿರುಳು.

ಕನ್ನಡಿಗರಿಗೆ ಮಿಷನರಿ ಎಂದೊಡನೆ ನೆನಪಾಗುವವರು ಬಾಸೆಲ್ ಮಿಷನ್ನಿನ ಕಿಟೆಲ್ ಅಂಥವರು. 1853ರಲ್ಲಿ ಭಾರತಕ್ಕೆ ಬಂದ ಕಿಟೆಲ್ ಅವರ ನಿಘಂಟು ಮಂಗಳೂರಿನಲ್ಲಿ ಅಚ್ಚಾದದ್ದು 1894ರಲ್ಲಿ. ಅದು ಇಡೀ ಬಾಳನ್ನೇ ಒಪ್ಪಿಸಿದವರ ಮಾದರಿ. ಮಾರ್ಮನ್ನರ ಪದ್ಧತಿ ಬೇರೆ. 1830ರಲ್ಲಿ ಜೋಸೆಫ್ ಸ್ಮಿತ್ ನ್ಯೂಯಾರ್ಕ್ ರಾಜ್ಯದಲ್ಲಿ ಸ್ಥಾಪಿಸಿದ ಈ ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ (ಈಗ ಅವರು ಮಾರ್ಮನ್ ಎಂಬ ಅಡ್ಡಹೆಸರಿಗಿಂತ ಯೇಸು ಕ್ರಿಸ್ತನ ಹೆಸರಿರುವ ತಮ್ಮ ಪೂರ್ಣ ನಾಮವನ್ನೇ ಬಳಸಬೇಕೆಂದು ಕೋರುತ್ತಾರೆ) ಪ್ರಚಾರದ ಕೆಲಸ ಮಾಡುವವರು ಪಾದ್ರಿಗಳಲ್ಲ, ಹೈಸ್ಕೂಲು ಮುಗಿಸಿದ ಹುಡುಗ ಹುಡುಗಿಯರು. ಹುಡುಗರಿಗೆ ಎರಡು ವರ್ಷ, ಹುಡುಗಿಯರಿಗೆ ಒಂದೂವರೆ ವರ್ಷ. ಸಂಬಳವಿಲ್ಲ; ಖರ್ಚನ್ನು ಅವರ ಉಳಿತಾಯ ಮತ್ತು ಮನೆಯವರೇ ಭರಿಸುತ್ತಾರೆ. ಯಾವ ದೇಶ, ಯಾವ ಭಾಷೆ ಎಂಬುದು ಅವರ ಆಯ್ಕೆಯಲ್ಲ, ಸಭೆಯ ಮುಖ್ಯಸ್ಥರಿಂದ ಬರುವ ಕರೆಯಲ್ಲಿ ತಿಳಿಯುತ್ತದೆ. 2012ರ ಅಕ್ಟೋಬರಿನಲ್ಲಿ ಹುಡುಗರ ಕನಿಷ್ಠ ವಯಸ್ಸನ್ನು 19ರಿಂದ 18ಕ್ಕೆ ಇಳಿಸಿದ ಮೇಲೆ ಕಾಲೇಜಿನ ಮೆಟ್ಟಿಲು ಹತ್ತುವ ಮೊದಲೇ ಹೊರಡುವವರು ಹೆಚ್ಚಾದರು. ನಿಮ್ಮ ಪಕ್ಕದ ಮನೆಯ ಹುಡುಗನೂ ಅಂಥವನೇ ಇರಬೇಕು. ಜಗತ್ತಿನಾದ್ಯಂತ ಈಗ ಎಪ್ಪತ್ತು ಸಾವಿರಕ್ಕೂ ಹೆಚ್ಚು ಮಂದಿ ಹೀಗೆ ಸೇವೆಯಲ್ಲಿದ್ದಾರೆ. ಬೆಂಗಳೂರಿನಲ್ಲಿಯೂ 1993ರಿಂದ ಇವರ ಮಿಷನ್ ಇದೆ.

ಆರಂಭದಲ್ಲಿ ತರಬೇತಿ ಎಂಬುದೇ ಇರಲಿಲ್ಲ. ಜಪಾನಿನ ಉದಾಹರಣೆಯನ್ನೇ ತೆಗೆದುಕೊಳ್ಳೋಣ. 1901ರ ಆಗಸ್ಟ್‌ನಲ್ಲಿ ಹೀಬರ್ ಗ್ರಾಂಟ್ ಎಂಬ ಹಿರಿಯರ ಮುಂದಾಳತ್ವದಲ್ಲಿ ನಾಲ್ವರು ಯೊಕೊಹಾಮಾ ಬಂದರಿನಲ್ಲಿ ಇಳಿದಾಗ ಅವರಲ್ಲಿ ಯಾರಿಗೂ ಜಪಾನಿ ಬರುತ್ತಿರಲಿಲ್ಲ. ಗ್ರಾಂಟ್ ಅವರಿಗೆ ಆ ಭಾಷೆ ಕೊನೆಗೂ ಒಲಿಯಲಿಲ್ಲ, 1903ರಲ್ಲಿ ಹಿಂದಿರುಗಿದರು. ಮುಂದೆ ಅವರೇ ಸಭೆಯ ಅಧ್ಯಕ್ಷರಾದದ್ದು ಬೇರೆ ಮಾತು. ಆದರೆ ಜೊತೆಗೆ ಬಂದಿದ್ದ, ಆಗಷ್ಟೇ 19 ತುಂಬಿದ್ದ ಆಲ್ಮಾ ಟೇಲರ್ ಎಂಟು ವರ್ಷಕ್ಕೂ ಮಿಕ್ಕಿ ಅಲ್ಲಿಯೇ ನೆಲೆಸಿ, ಸಭೆಯ ಪವಿತ್ರ ಪುಸ್ತಕವಾದ ಮಾರ್ಮನ್ ಗ್ರಂಥವನ್ನು ಜಪಾನಿಗೆ ಅನುವಾದಿಸಿ 1909ರಲ್ಲಿ ಪ್ರಕಟಿಸಿದ. ಒಂದೇ ಹಡಗು, ಒಂದೇ ಊರು, ಒಂದೇ ಭಾಷೆ. ಫಲ ಮಾತ್ರ ಹೀಗೆ ಅಜಗಜಾಂತರ. ಇಂಥ ಅದೃಷ್ಟದಾಟದ ಮೇಲೆ ಸಾವಿರಾರು ಹುಡುಗರನ್ನು ಕಳುಹಿಸುವ ವ್ಯವಸ್ಥೆ ನಡೆಯಲಾರದು.

ಬದಲಾವಣೆಗೆ ನೆಪವಾದದ್ದು ವೀಸಾ. 1961ರಲ್ಲಿ ಮೆಕ್ಸಿಕೋ ಮತ್ತು ಅರ್ಜೆಂಟೀನಾಗಳಿಗೆ ಹೋಗಬೇಕಿದ್ದವರ ವೀಸಾ ತಡವಾಗುತ್ತಿದ್ದುದರಿಂದ, ಕಾಯುವ ಕಾಲವನ್ನು ವ್ಯರ್ಥ ಮಾಡದೆ ಸ್ಪ್ಯಾನಿಶ್ ಕಲಿಸೋಣವೆಂದು ಪ್ರೊವೊದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದಲ್ಲಿ ಒಂದು ಸಣ್ಣ ಭಾಷಾ ಶಾಲೆ ತೆರೆದರು. ಆ ಶಾಲೆ 1976ರಲ್ಲಿ ವಿಶ್ವವಿದ್ಯಾಲಯದ ಪಕ್ಕದ ತನ್ನದೇ ಆವರಣಕ್ಕೆ ಬಂತು. 1978ರಲ್ಲಿ ಇಂದಿನ ಮಿಷನರಿ ಟ್ರೈನಿಂಗ್ ಸೆಂಟರ್ ಎಂಬ ಹೆಸರು ಪಡೆಯಿತು. ಎಲ್ಲರೂ ಅದನ್ನು ಎಂಟಿಸಿ ಎಂದೇ ಕರೆಯುತ್ತಾರೆ. ಇಂದು ಅಲ್ಲಿ ಐವತ್ತಕ್ಕೂ ಹೆಚ್ಚು ಭಾಷೆಗಳ ಪಾಠ ನಡೆಯುತ್ತದೆ. ಇಂಗ್ಲಿಷಿನಲ್ಲೇ ಕೆಲಸ ಮಾಡುವವರು ಎರಡು ಮೂರು ವಾರದಲ್ಲಿ ಹೊರಡುತ್ತಾರೆ, ಸ್ಪ್ಯಾನಿಶ್‌ನಂಥ ಭಾಷೆಯವರು ಸುಮಾರು ಆರು ವಾರ, ಜಪಾನಿ ಕಲಿಯುವವರು ಒಂಬತ್ತು ವಾರ ಇರುತ್ತಾರೆ. ಕೊರೋನಾ ಕಾಲದಲ್ಲಿ ತರಬೇತಿ ಪೂರ್ತಿ ಆನ್‌ಲೈನ್ ಆಗಿತ್ತು. ಆ ಪಾಠದಿಂದಾಗಿ ಈಗಲೂ ಮೊದಲ ಭಾಗವನ್ನು ಮನೆಯಿಂದಲೇ ವಿಡಿಯೋ ತರಗತಿಯಲ್ಲಿ ಮುಗಿಸಿ, ಆಮೇಲೆ ಪ್ರೊವೊಗೆ ಬರುವ ಕ್ರಮ ಉಳಿದುಕೊಂಡಿದೆ. ಹಾಗಾಗಿ ನಿಮ್ಮ ಹುಡುಗ ಸೂಟು ಟೈ ಧರಿಸಿ ತನ್ನ ಕೋಣೆಯಲ್ಲೇ ಲ್ಯಾಪ್‌ಟಾಪಿನ ಮುಂದೆ ಕುಳಿತಿರುವುದನ್ನು ನೀವು ನೋಡಿದರೆ ಆಶ್ಚರ್ಯಪಡಬೇಡಿ.

ಇನ್ನು ಆ ಮೊದಲ ದಿನಗಳ ವಿಷಯ. ತಂದೆತಾಯಿಯರು ಕಾರಿನಲ್ಲಿ ಕರೆತಂದು ರಸ್ತೆಯಂಚಿನಲ್ಲೇ ಮಗನನ್ನು ತಬ್ಬಿ ಬೀಳ್ಕೊಡುತ್ತಾರೆ. ಒಳಗಿನಿಂದ ಬಂದ ಇನ್ನೊಬ್ಬ ತರುಣ ಸೂಟ್‌ಕೇಸನ್ನು ಎಳೆದುಕೊಂಡು ದಾರಿ ತೋರಿಸುತ್ತಾನೆ. ಅದೆಲ್ಲ ಕೆಲವೇ ನಿಮಿಷದ ಕೆಲಸ. ಒಳಗೆ ಹೋದೊಡನೆ ಎದೆಗೆ ಕಪ್ಪು ನಾಮಫಲಕ ಬರುತ್ತದೆ. ಅದರ ಮೇಲೆ ಎಲ್ಡರ್ ಎಂಬ ಬಿರುದು ಮತ್ತು ಕುಲನಾಮ ಇರುತ್ತವೆ, ಮನೆಯಲ್ಲಿ ಕರೆಯುತ್ತಿದ್ದ ಹೆಸರು ಇರುವುದಿಲ್ಲ. ಬಳಿಕ ಒಬ್ಬ ಜೊತೆಗಾರನನ್ನು ಗೊತ್ತುಮಾಡುತ್ತಾರೆ. ಮಲಗುವ ಕೋಣೆ, ಊಟದ ಸಾಲು, ತರಗತಿ, ವ್ಯಾಯಾಮ ಎಲ್ಲೆಡೆ ಇವರಿಬ್ಬರೂ ಒಬ್ಬರ ಕಣ್ಣಳತೆಯಲ್ಲಿ ಇನ್ನೊಬ್ಬರಿರಬೇಕು. ಅಂಥ ನಾಲ್ಕೈದು ಜೋಡಿಗಳು ಸೇರಿ ಒಂದು ಡಿಸ್ಟ್ರಿಕ್ಟ್. ಒಂದೇ ಭಾಷೆ ಕಲಿಯುವ ಈ ಗುಂಪೇ ಒಂದು ತರಗತಿ. ಬೆಳಿಗ್ಗೆ ಆರೂವರೆಗೆ ಏಳುವುದು, ರಾತ್ರಿ ಹತ್ತೂವರೆಗೆ ಮಲಗುವುದು. ನಡುವಿನ ಹೊತ್ತೆಲ್ಲ ಮೊದಲೇ ಹಂಚಿಹೋಗಿರುತ್ತದೆ. ವಾರಕ್ಕೊಂದು ದಿನ ಮಾತ್ರ ಬಟ್ಟೆ ಒಗೆಯಲು, ಮನೆಗೆ ಬರೆಯಲು ಬಿಡುವು. ಅದನ್ನು ಪಿ-ಡೇ (ಪ್ರಿಪರೇಶನ್ ಡೇ, ಸಿದ್ಧತೆಯ ದಿನ) ಎನ್ನುತ್ತಾರೆ.

ಭಾಷಾ ಬೋಧಕನಾಗಿ ನನಗೆ ಕುತೂಹಲ ಹುಟ್ಟಿಸುವುದು ಎರಡನೆಯ ಮೂರನೆಯ ದಿನದ ಒಂದು ಕಸರತ್ತು. ಇನ್ನೂ ವರ್ಣಮಾಲೆಯೇ ನೆಟ್ಟಗೆ ತಿಳಿಯದ ಹುಡುಗರನ್ನು ಜೋಡಿಯಾಗಿ ಒಂದು ಕೋಣೆಗೆ ಕಳುಹಿಸುತ್ತಾರೆ. ಅಲ್ಲಿ ಕುಳಿತವರು ಧರ್ಮದ ಬಗ್ಗೆ ತಿಳಿಯಬಯಸುವ ಜಪಾನಿ ಪಾತ್ರಧಾರಿ. ಅವರು ಒಂದೇ ಒಂದು ಇಂಗ್ಲಿಷ್ ಪದವನ್ನೂ ಆಡುವುದಿಲ್ಲ. ಹುಡುಗರ ಕೈಯಲ್ಲಿ ರೋಮನ್ ಲಿಪಿಯಲ್ಲಿ ಬರೆದುಕೊಂಡ ಒಂದು ಹಾಳೆ. "ಹಾಜಿಮೆಮಾಶಿತೆ" ಎಂದು ಬಾಗಿ ಪರಿಚಯ ಹೇಳಿಕೊಳ್ಳುವಷ್ಟು ಸರಾಗ. ಆಮೇಲೆ ಎದುರಿನವರು ಒಂದು ಸಾದಾ ಪ್ರಶ್ನೆ ಕೇಳುತ್ತಾರೆ, ಹಾಳೆಯಲ್ಲಿ ಅದು ಇಲ್ಲ. ಒಬ್ಬ ನಗುತ್ತಾನೆ, ಇನ್ನೊಬ್ಬ "ಹಾಯ್, ಹಾಯ್" (ಹೌದು, ಹೌದು) ಎಂದು ತಲೆಯಾಡಿಸುತ್ತಾನೆ. ಇಬ್ಬರೂ ಹಾಳೆಯ ಮುಂದಿನ ಸಾಲಿಗೆ ಹಾರಿ, ಕೇಳಿದ್ದಕ್ಕೆ ಸಂಬಂಧವೇ ಇಲ್ಲದ ಒಂದು ವಾಕ್ಯವನ್ನು ಓದುತ್ತಾರೆ. ಆ ಇಪ್ಪತ್ತು ನಿಮಿಷ ಮುಗಿಸಿ ಹೊರಬಂದವರ ಅಂಗಿ ಬೆವರಿನಿಂದ ಒದ್ದೆ. ಕೆಲವು ದಿನಗಳ ನಂತರ ಅದೇ ಪಾತ್ರಧಾರಿ ತಮ್ಮ ತರಗತಿಯ ಅಧ್ಯಾಪಕನಾಗಿ ಬಂದು ನಿಲ್ಲುವುದೂ ಉಂಟು.

ಇದು ಮಕ್ಕಳನ್ನು ಅವಮಾನಿಸುವ ಆಟದಂತೆ ಕಾಣಬಹುದು. ಆದರೆ ಅದರ ಹಿಂದಿನ ತರ್ಕ ಗಟ್ಟಿಯಾಗಿದೆ. ವಯಸ್ಕರು ಭಾಷೆ ಕಲಿಯಲು ಸೋಲುವುದು ನೆನಪಿನ ಶಕ್ತಿ ಸಾಲದೆಂದಲ್ಲ. ಸರಿಯಾಗಿ ಬಂದ ಮೇಲೆ ಮಾತನಾಡೋಣವೆಂದು ಕಾಯುತ್ತ ಕುಳಿತದ್ದರಿಂದ. ಕಾಯಲು ಅವಕಾಶವೇ ಇಲ್ಲದಂತೆ ಮೊದಲ ವಾರವೇ ಬಾಯಿ ಬಿಡಿಸಿದರೆ ಆ ಹೆದರಿಕೆಯ ದೊಡ್ಡ ಪಾಲು ಅಲ್ಲಿಗೇ ಮುಗಿಯುತ್ತದೆ. ಇದಲ್ಲದೆ, ಕೋಣೆಯೊಳಗೆ ಹೊಳೆಯದೆ ಹೋದ ಪದವನ್ನು ಹುಡುಗ ಆ ರಾತ್ರಿಯೇ ಹುಡುಕಿ ಕಲಿಯುತ್ತಾನೆ, ಏಕೆಂದರೆ ನಾಳೆ ಅದೇ ಕೋಣೆಗೆ ಮತ್ತೆ ಹೋಗಬೇಕಿದೆ. ಬೇಕೆನಿಸಿದ ಪದ ನಿಲ್ಲುವಷ್ಟು ಪಟ್ಟಿಯಲ್ಲಿ ಕೊಟ್ಟ ಪದ ನಿಲ್ಲುವುದಿಲ್ಲ. ತರಗತಿಯ ಹೊರಗೂ ಕಲಿಯುವ ಭಾಷೆಯಲ್ಲೇ ಮಾತನಾಡಬೇಕೆಂಬ ನಿಯಮವಿದೆ. ಅದು ಊಟದ ಮೇಜಿನಲ್ಲಿ ಎಷ್ಟು ಪಾಲನೆಯಾಗುತ್ತದೆ ಎಂಬುದು ಆಯಾ ಜೋಡಿಯ ಹಟಕ್ಕೆ ಬಿಟ್ಟದ್ದು.

ಮೊದಲು ಕಲಿಸುವುದು ಪ್ರಾರ್ಥನೆ. ಮಾರ್ಮನ್ನರ ಪ್ರಾರ್ಥನೆಗೆ ನಿಗದಿತ ಪಠ್ಯ ಕಡಿಮೆ, ಆದರೆ ಅಚ್ಚು ಒಂದೇ: ಸ್ವರ್ಗದ ತಂದೆಯನ್ನು ಕರೆಯುವುದು, ಕೃತಜ್ಞತೆ ಹೇಳುವುದು, ಬೇಡಿಕೊಳ್ಳುವುದು, ಯೇಸುವಿನ ಹೆಸರಿನಲ್ಲಿ ಮುಗಿಸುವುದು. ಈ ನಾಲ್ಕು ಕೊಂಡಿಗಳಿಗೆ ನಾಲ್ಕು ವಾಕ್ಯಗಳನ್ನು ಕೊಟ್ಟರೆ ಹುಡುಗ ಅಂದಿನಿಂದಲೇ ದಿನಕ್ಕೆ ಹತ್ತು ಹನ್ನೆರಡು ಬಾರಿ ಜಪಾನಿಯಲ್ಲಿ ಪ್ರಾರ್ಥಿಸತೊಡಗುತ್ತಾನೆ. ಊಟಕ್ಕೆ ಮುಂಚೆ, ಪಾಠಕ್ಕೆ ಮುಂಚೆ, ಮಲಗುವ ಮುಂಚೆ. ಪ್ರತಿ ಬಾರಿ ಹೊಸ ಪದವೊಂದನ್ನು ಆ ಅಚ್ಚಿಗೆ ತುಂಬುತ್ತಾನೆ. ಅಭ್ಯಾಸವೆಂಬ ಬೇಸರ ಅದರಲ್ಲಿ ಇರುವುದಿಲ್ಲ, ಏಕೆಂದರೆ ಅವನ ಮಟ್ಟಿಗೆ ಅದು ಅಭ್ಯಾಸವಲ್ಲ, ಪ್ರಾರ್ಥನೆಯೇ.

ಅನಂತರದ್ದು ಸಾಕ್ಷ್ಯ ಹೇಳುವ, ಅಂದರೆ ತನ್ನ ನಂಬಿಕೆಯನ್ನು ಎದುರಿನವರಿಗೆ ಸಾರುವ ವಾಕ್ಯಗಳು. ಇಲ್ಲೊಂದನ್ನು ನೋಡಿ: "ಕಾಮಿಸಾಮಾ ಗಾ ವಾತಾಶಿತಾಚಿ ಓ ಆಯ್‌ಶಿತೆ ಇರು ಕೋತೋ ಓ ಶಿತ್ತೆ ಇಮಾಸು." ಕನ್ನಡದಲ್ಲಿ ಇದು "ದೇವರು ನಮ್ಮನ್ನು ಪ್ರೀತಿಸುತ್ತಿರುವುದನ್ನು ಬಲ್ಲೆ" ಎಂದಾಗುತ್ತದೆ. ಪದಗಳ ಸರಣಿಯನ್ನು ಹಿಂದುಮುಂದು ಮಾಡುವ ಅಗತ್ಯವೇ ನಮಗಿಲ್ಲ. ಕ್ರಿಯಾಪದ ಕೊನೆಗೆ, ವಿಭಕ್ತಿ ನಾಮಪದದ ಬೆನ್ನಿಗೆ, ಒಳವಾಕ್ಯ ಹೊರವಾಕ್ಯದ ಮುಂದೆ. ಆದರೆ "ನಾನು ಬಲ್ಲೆ" ಎಂದು ಶುರುಮಾಡಿ ವಿಷಯವನ್ನು ಆಮೇಲೆ ಹೇಳುವ ಇಂಗ್ಲಿಷ್ ಹುಡುಗನಿಗೆ ಇಡೀ ವಾಕ್ಯವನ್ನು ತಲೆಯಲ್ಲಿ ತಿರುಗಿಸಿ ಇಟ್ಟುಕೊಂಡೇ ಬಾಯಿ ತೆರೆಯಬೇಕು. ಮೊದಲ ಎರಡು ಮೂರು ವಾರಗಳ ಹೆಣಗಾಟವೆಲ್ಲ ಇದರದ್ದೇ. ನಿಮ್ಮ ಮಗಳು ಜಪಾನಿ ಕಲಿಯಲು ಕುಳಿತರೆ ಈ ಒಂದು ವಿಷಯದಲ್ಲಿ ಪಕ್ಕದ ಮನೆಯವನನ್ನು ಸುಲಭವಾಗಿ ಹಿಂದೆ ಹಾಕುತ್ತಾಳೆ. ಚೀನೀ ಮೂಲದ ಕಾಂಜಿ ಅಕ್ಷರಗಳು ಮಾತ್ರ ಇಬ್ಬರಿಗೂ ಒಂದೇ ಗೋಳು.

ಹಿಂದೆ ಪಾಠಗಳನ್ನು ಅಕ್ಷರಶಃ ಬಾಯಿಪಾಠ ಮಾಡಿಸುತ್ತಿದ್ದರು. 2004ರಲ್ಲಿ "ಪ್ರೀಚ್ ಮೈ ಗಾಸ್ಪೆಲ್" ಎಂಬ ಕೈಪಿಡಿ ಬಂದ ಮೇಲೆ ವಿಷಯವನ್ನು ಗ್ರಹಿಸಿ ಸ್ವಂತ ಮಾತಿನಲ್ಲಿ ಹೇಳಬೇಕೆಂಬ ನಿಯಮವಾಯಿತು. ಭಾಷೆಯ ದೃಷ್ಟಿಯಿಂದ ಇದು ಒಳ್ಳೆಯ ತೀರ್ಮಾನ, ಆದರೂ ಒಂದು ಅಸಮತೋಲ ಉಳಿದಿದೆ. ಒಂಬತ್ತು ವಾರದ ಕೊನೆಗೆ ಹುಡುಗ ಪಶ್ಚಾತ್ತಾಪ, ಪುನರುತ್ಥಾನ, ದೀಕ್ಷಾಸ್ನಾನಗಳ ಬಗ್ಗೆ ಜಪಾನಿಯಲ್ಲಿ ವಿವರಿಸಬಲ್ಲ, ಅಂಗಡಿಯಲ್ಲಿ ಬಲ್ಬು ಕೇಳಿ ತರಲಾರ. ಮಂತ್ರ ತಪ್ಪದೆ ಮದುವೆ ಮಾಡಿಸುವ ಪುರೋಹಿತರನ್ನು ಹಿಡಿದು ಸಂಸ್ಕೃತದಲ್ಲೇ ಬಸ್ ನಿಲ್ದಾಣಕ್ಕೆ ದಾರಿ ಕೇಳಿದರೆ ಆಗುವ ಫಜೀತಿ ಇದು.

ಕಲಿಸುವವರು ಯಾರು ಎಂಬುದೂ ಮುಖ್ಯ. ಹೆಚ್ಚಿನವರು ಪಕ್ಕದ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು, ಒಂದೆರಡು ವರ್ಷದ ಹಿಂದಷ್ಟೇ ಅದೇ ದೇಶದಲ್ಲಿ ಸೇವೆ ಮುಗಿಸಿ ಬಂದವರು. ಅವರ ಉಚ್ಚಾರ ಜಪಾನಿಗರಷ್ಟು ಶುದ್ಧವಲ್ಲ, ವ್ಯಾಕರಣದ ಕಾರಣಗಳನ್ನು ಕೇಳಿದರೆ ತಡವರಿಸುತ್ತಾರೆ. ಆದರೆ ಎರಡನೆಯ ವಾರದಲ್ಲಿ ಎಲ್ಲಿ ಎಡವುತ್ತೇವೆ ಎಂಬುದು ಅವರ ಮೈಮೇಲಿನ ಗಾಯದಷ್ಟು ಹಸಿ. ಪರಿಣತ ಭಾಷಿಕನಿಗಿಂತ ಇತ್ತೀಚೆಗೆ ಕಲಿತವನೇ ಆರಂಭಿಕರಿಗೆ ಒಳ್ಳೆಯ ಮೇಷ್ಟ್ರಾಗುವುದನ್ನು ನಾನು ಬೇರೆ ಕಡೆಯೂ ಕಂಡಿದ್ದೇನೆ. ನಂಬಿಕೆಯ ಪಾತ್ರವನ್ನೂ ಇಲ್ಲಿ ಹೇಳಬೇಕು. ಬೈಬಲಿನಲ್ಲಿ ಬರುವ ಅನ್ಯಭಾಷೆಗಳ ವರ ತಮಗೂ ಸಿಗುತ್ತದೆ, ಶ್ರಮಪಟ್ಟು ಕಲಿಯುವವನಿಗೆ ದೇವರು ಕೈಹಿಡಿಯುತ್ತಾನೆ ಎಂದು ಇವರು ತಿಳಿಯುತ್ತಾರೆ. ವರದ ವಿಚಾರ ನನ್ನ ವ್ಯಾಪ್ತಿಯದಲ್ಲ. ತನಗೆ ಭಾಷೆ ಬಂದೇ ಬರುತ್ತದೆಂದು ನಂಬಿದವನು ನಾಚದೆ ಹೆಚ್ಚು ಮಾತನಾಡುತ್ತಾನೆ, ಹೆಚ್ಚು ಮಾತನಾಡಿದವನಿಗೆ ಭಾಷೆ ಬೇಗ ಬರುತ್ತದೆ ಎಂಬಷ್ಟನ್ನು ಧೈರ್ಯವಾಗಿ ಹೇಳಬಲ್ಲೆ.

ಜಪಾನಿನಲ್ಲಿ ಇಳಿದ ದಿನ ಎಲ್ಲವೂ ಕುಸಿದಂತೆ ಅನಿಸುತ್ತದೆ. ಪ್ರೊವೊದಲ್ಲಿ ನಿಧಾನವಾಗಿ, ಬಿಡಿಸಿ ಮಾತನಾಡುತ್ತಿದ್ದ ಪಾತ್ರಧಾರಿಗಳ ಬದಲು ಇಲ್ಲಿ ಪ್ರಾದೇಶಿಕ ನುಡಿಯಲ್ಲಿ ವೇಗವಾಗಿ ಗೊಣಗುವ ಅಜ್ಜಂದಿರು, ಮಾತು ಬೆಳೆಸಲು ಬಿಡುವಿಲ್ಲದೆ ಬಾಗಿಲು ಮುಚ್ಚುವ ಗೃಹಿಣಿಯರು. ಮೊದಲ ಹನ್ನೆರಡು ವಾರ ಅವನನ್ನು ಒಬ್ಬ ಅನುಭವಿ ಜೊತೆಗಾರನ ಕೈಗೆ ಒಪ್ಪಿಸಿರುತ್ತಾರೆ. ದಿನವೂ ಭಾಷಾ ಅಧ್ಯಯನಕ್ಕೆ ಹೊತ್ತು ಮೀಸಲಿರುತ್ತದೆ, ಉಳಿದ ದಿನವೆಲ್ಲ ಅಪರಿಚಿತರೊಡನೆ ಮಾತು. ನಾನು ಮೇಲೆ ಹೇಳಿದ 2200 ಗಂಟೆಗಳ ಬಾಕಿ ತೀರುವುದು ಇಲ್ಲಿ. ಆದ್ದರಿಂದ ಪ್ರೊವೊದ ವಿಧಾನದಿಂದ ಭಾಷೆ ಬಂತು ಎಂದು ಜಾಹೀರಾತಿನಂತೆ ಹೇಳುವವರನ್ನು ನಂಬಬೇಡಿ. ಎರಡು ವರ್ಷದ ಆ ಬದುಕನ್ನು ಕಳೆದರೆ ಉಳಿಯುವುದು ಒಂದು ಒಳ್ಳೆಯ ಆರಂಭ ಮಾತ್ರ. ಮರಳಿ ಬಂದವರಲ್ಲೂ ಮಾತಿನ ಸರಾಗತೆ ಓದುಬರಹದಲ್ಲಿ ಕಾಣದಿರುವುದು ಸಾಮಾನ್ಯ.

ನೀವು ನೇರವಾಗಿ ಕೇಳಿಲ್ಲವಾದರೂ "ಮಕ್ಕಳನ್ನು ಏನು ಮಾಡುತ್ತಾರೆ" ಎಂಬ ಮಾತಿನಲ್ಲಿ ಒಂದು ಆತಂಕವಿದೆ. ಅದು ಅಕಾರಣವೇನಲ್ಲ. ಮನೆಯವರಿಂದ ದೂರ, ಗೆಳೆಯರಿಂದ ದೂರ, ಒಂಟಿಯಾಗಿ ಕುಳಿತುಕೊಳ್ಳಲೂ ಅವಕಾಶವಿಲ್ಲದ, ಎಲ್ಲರೂ ಒಂದೇ ವಿಷಯವನ್ನು ನಂಬುವ ಆವರಣದಲ್ಲಿ 18ರ ಹುಡುಗನನ್ನು ಇರಿಸಿದರೆ ಅವನು ಬೇಗ ಕಲಿಯುತ್ತಾನೆ. ಅದೇ ಕಾರಣಕ್ಕೆ ಬೇಗ ಕುಗ್ಗಲೂಬಹುದು. ಮನೆಯ ನೆನಪಿನಿಂದ ಊಟ ಬಿಡುವವರು, ಭಾಷೆ ತಲೆಗೆ ಹತ್ತದೆ ತಮ್ಮ ಭಕ್ತಿಯಲ್ಲೇ ಏನೋ ಕೊರತೆಯಿದೆ ಎಂದು ಅಳುವವರು ಪ್ರತಿ ತಂಡದಲ್ಲೂ ಇರುತ್ತಾರೆ. ಎರಡನೆಯದು ನನ್ನ ದೃಷ್ಟಿಯಲ್ಲಿ ಹೆಚ್ಚು ಅಪಾಯದ್ದು, ಏಕೆಂದರೆ ವ್ಯಾಕರಣದ ತೊಡಕನ್ನು ಆತ್ಮದ ದೋಷವೆಂದು ತಿಳಿದವನಿಗೆ ಸಾಂತ್ವನ ಹೇಳುವುದು ಸುಲಭವಲ್ಲ. ಸಭೆಯವರೇ ಒತ್ತಡ ನಿಭಾಯಿಸುವ ಬಗ್ಗೆ ಕಿರುಹೊತ್ತಿಗೆಯೊಂದನ್ನು ಮಾಡಿ ಹಂಚುತ್ತಾರೆ. ಆಪ್ತಸಲಹೆಯ ವ್ಯವಸ್ಥೆಯೂ ಇದೆ. ಬಿಟ್ಟು ಬರಲು ಕಾನೂನಿನ ಅಡ್ಡಿಯೇನೂ ಇಲ್ಲ, ಆದರೆ ಅವಧಿಗೆ ಮುನ್ನ ಮರಳಿದವನನ್ನು ಯೂಟಾದ ಸಣ್ಣ ಊರುಗಳಲ್ಲಿ ಜನ ನೋಡುವ ನೋಟ ಹಗುರದ್ದಲ್ಲ. ಹಾಗೆಯೇ, ಮನೆ ಬಿಟ್ಟ ಮೊದಲ ವರ್ಷವೇ ತನ್ನ ಬಟ್ಟೆ, ಹಣ, ಹೊತ್ತು, ಒಗ್ಗದ ಜೊತೆಗಾರ ಎಲ್ಲವನ್ನೂ ಸಂಭಾಳಿಸಿ ಗಟ್ಟಿಯಾಗಿ ಬಂದ ಹುಡುಗರೂ ಅದೇ ಊರುಗಳಲ್ಲಿ ಬೇಕಾದಷ್ಟಿದ್ದಾರೆ.

ಈಗ ನಿಮ್ಮ ಮೊಮ್ಮಗಳ ವಿಷಯಕ್ಕೆ ಬರುತ್ತೇನೆ. ಆ ವ್ಯವಸ್ಥೆಯನ್ನು ಮನೆಗೆ ತರಲಾಗದು, ತರಲೂಬಾರದು. ಆದರೆ ಅದರಿಂದ ಒಂದೆರಡು ಅಂಶಗಳನ್ನು ಬಿಡಿಸಿಕೊಳ್ಳಬಹುದು. ಅರ್ಥವಾಗಿಯೂ ಮಾತನಾಡದ ಮಗುವಿಗೆ ಮಾತನಾಡುವ ಅಗತ್ಯವೇ ಬಿದ್ದಿಲ್ಲ. ಅವಳು ಇಂಗ್ಲಿಷಿನಲ್ಲಿ ಉತ್ತರಿಸುತ್ತಾಳೆ, ನೀವೆಲ್ಲ ಒಪ್ಪಿಕೊಳ್ಳುತ್ತೀರಿ. ಅವಳ ಸುತ್ತ ಇಂಗ್ಲಿಷ್ ನಿಜವಾಗಿಯೂ ನಡೆಯದ ಒಬ್ಬ ವ್ಯಕ್ತಿಯನ್ನು ಹುಡುಕಿ. ಶಿವಮೊಗ್ಗದಲ್ಲಿರುವ ಯಾರಾದರೂ ಅಜ್ಜಿಯೋ, ಅದೇ ವಯಸ್ಸಿನ ಕನ್ನಡ ಶಾಲೆಯ ಹುಡುಗಿಯೋ ಆದರೆ ಇನ್ನೂ ಒಳ್ಳೆಯದು. ವಾರಕ್ಕೆರಡು ದಿನ ಹತ್ತು ನಿಮಿಷದ ವಿಡಿಯೋ ಕರೆ ಸಾಕು. ಆ ಹತ್ತು ನಿಮಿಷದಲ್ಲಿ ಅವಳಿಗೆ ಹೇಳಬೇಕೆನಿಸುವ ಒಂದೇ ವಿಷಯವಿರಲಿ, ಅವಳ ನಾಯಿಮರಿಯೋ ಫುಟ್‌ಬಾಲ್ ಪಂದ್ಯವೋ. ಅದಕ್ಕೆ ಬೇಕಾದ ಐದಾರು ವಾಕ್ಯಗಳ ಅಚ್ಚನ್ನು ಮುಂಚಿನ ದಿನ ನೀವು ಕೊಡಿ: "ನನಗೆ ... ಇಷ್ಟ", "ನಿನ್ನೆ ನಾವು ... ಹೋಗಿದ್ವಿ", "ಆಮೇಲೆ ಏನಾಯ್ತು ಗೊತ್ತಾ?" ಕರೆ ನಡೆಯುವಾಗ ಪಕ್ಕದಲ್ಲಿ ಕುಳಿತು ತಿದ್ದಬೇಡಿ. ಶಿಕ್ಷಕಿಯಾಗಿದ್ದವರಿಗೆ ಇದೇ ಎಲ್ಲಕ್ಕಿಂತ ಕಷ್ಟವೆಂದು ಬಲ್ಲೆ.

ಯೂಟಾ ರಾಜ್ಯ 2008ರಲ್ಲೇ ಕಾನೂನು ಮಾಡಿ ಶಾಲೆಗಳಲ್ಲಿ ದ್ವಿಭಾಷಾ ತರಗತಿಗಳಿಗೆ ಬೆಂಬಲ ಕೊಟ್ಟಿದೆ. ಅಲ್ಲಿ ಅರ್ಧ ದಿನ ಪಾಠ ಚೀನೀ, ಸ್ಪ್ಯಾನಿಶ್, ಫ್ರೆಂಚ್ ಮುಂತಾದ ಭಾಷೆಗಳಲ್ಲಿ ನಡೆಯುತ್ತದೆ. ಪರಭಾಷೆ ಬಲ್ಲ ಜನರಿಗೆ ಅಲ್ಲಿ ಕೊರತೆಯಿಲ್ಲದಿರಲು ಮರಳಿ ಬಂದ ಮಿಷನರಿಗಳೂ ಒಂದು ಕಾರಣ. ಮೊಮ್ಮಗಳ ಶಾಲೆಯಲ್ಲಿ ಅಂಥ ತರಗತಿಯಿದ್ದರೆ ಕನ್ನಡಕ್ಕೆ ಪೈಪೋಟಿಯಾಗುತ್ತದೆಂದು ಹಿಂಜರಿಯಬೇಡಿ. ಮನೆಯಲ್ಲಿ ಒಂದು, ಶಾಲೆಯಲ್ಲಿ ಎರಡು ಭಾಷೆ ಎಂಬುದು ಬೀದರಿನಿಂದ ಮಂಗಳೂರಿನವರೆಗೆ ನಮ್ಮ ಎಷ್ಟೋ ಮಕ್ಕಳಿಗೆ ದಿನನಿತ್ಯದ ಸಂಗತಿ.

ಪತ್ರ ಖಂಡಿತ ಬರೆಯಬಹುದು. ಅವನ ಮನೆಯವರನ್ನು ಕೇಳಿದರೆ ಇಮೇಲ್ ವಿಳಾಸ ಕೊಡುತ್ತಾರೆ. ಅವನು ಉತ್ತರಿಸುವುದು ವಾರದ ಬಿಡುವಿನ ದಿನ, ಹಾಗಾಗಿ ತಡವಾದರೆ ತಪ್ಪು ತಿಳಿಯಬೇಡಿ. ಹಿಂದೆ ವರ್ಷಕ್ಕೆರಡು ಬಾರಿ, ಕ್ರಿಸ್‌ಮಸ್ ಮತ್ತು ತಾಯಂದಿರ ದಿನದಂದು ಮಾತ್ರ ಮನೆಗೆ ಫೋನ್ ಮಾಡಬಹುದಿತ್ತು. 2019ರ ಫೆಬ್ರುವರಿಯಿಂದ ಪ್ರತಿ ವಾರ ಮಾತನಾಡಲು ಅನುಮತಿ ಇದೆ, ಅದನ್ನು ಹೆತ್ತವರಿಗೆ ಬಿಟ್ಟುಕೊಡುವುದು ಒಳ್ಳೆಯದು. ಪ್ರೊವೊದಲ್ಲಿರುವಾಗ ಕಾಗದದ ಪತ್ರವನ್ನೂ ತಿಂಡಿಯ ಪೊಟ್ಟಣವನ್ನೂ ತರಬೇತಿ ಕೇಂದ್ರದ ವಿಳಾಸಕ್ಕೆ ಕಳುಹಿಸಬಹುದು. ಹೊರಗೆ ಅವನ ಪೂರ್ಣ ಹೆಸರು ಮತ್ತು ಹೋಗಲಿರುವ ಮಿಷನ್ನಿನ ಹೆಸರು ಬರೆಯಿರಿ. ಕೋಡುಬಳೆ ಚಕ್ಕುಲಿ ಕಳುಹಿಸುವುದಾದರೆ ಹತ್ತು ಜನಕ್ಕೆ ಸಾಲುವಷ್ಟು ಕಳುಹಿಸಿ, ಏಕೆಂದರೆ ಆ ಪೊಟ್ಟಣ ಬಿಚ್ಚುವುದು ಇಡೀ ಡಿಸ್ಟ್ರಿಕ್ಟಿನ ಎದುರಿನಲ್ಲಿ.